ಇನ್ನೊಂದು ರಗ್ಗು ಹೊದ್ದರೆ ಚಳಿ ಹೋಗುತ್ತದೆಯೇ? ಹಾಸುವ, ಹೊದೆಯುವ ವಿಚಾರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಹುಬ್ಬಳ್ಳಿಯಲ್ಲಿ ಗಾದಿ ಅಂಗಡಿ. ದೀಪಾವಳಿ ಮುಗಿದು ಥಂಡಿ ಶುರುವಾದರೆ ಸಾಕು, ಬಂದ ಗಿರಾಕಿಗಳು ಮೊದಲು ಕೇಳುವುದು "ಇದಕ್ಕಿಂತ ದಪ್ಪಂದು ಐತೇನ್ರಿ?" ಎಂದೇ. ದಪ್ಪನೆಯದೂ ಇದೆ, ಮಾರುವುದಕ್ಕೆ ನನಗೇನು ಬೇಜಾರಿಲ್ಲ. ಆದರೆ ಎಷ್ಟೋ ಜನರ ಮನೆಯಲ್ಲಿ ಬೇಕಾದಷ್ಟು ಹೊದಿಕೆ ಇರುತ್ತದೆ, ಎಲ್ಲವನ್ನೂ ಮೈಮೇಲೆ ಹೇರಿಕೊಂಡು ಕೆಳಗೆ ಬರೀ ಚಾಪೆ ಹಾಸಿಕೊಂಡಿರುತ್ತಾರೆ. ಅಂಥವರ ಜೊತೆ ಚಹಾ ಕುಡಿಯುತ್ತ ಆಡಿದ ಮಾತುಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ರಗ್ಗು ಬಿಸಿ ಕೊಡುತ್ತದೆಯೇ?

ಇಲ್ಲ. ಬಿಸಿ ಹುಟ್ಟುವುದು ನಿಮ್ಮ ಮೈಯಲ್ಲಿ. ನಿದ್ದೆಯಲ್ಲಿರುವ ದೊಡ್ಡವರ ಮೈಯಿಂದ ಹೆಚ್ಚುಕಡಿಮೆ 70 ವ್ಯಾಟ್ ಶಾಖ ಹೊರಬೀಳುತ್ತದೆ. ಹಳೇ ಕಾಲದ 60 ವ್ಯಾಟಿನ ಹಳದಿ ಬಲ್ಬು ನೆನಪಿದೆಯಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಆ ಶಾಖ ಹೊರಗೆ ಓಡುವುದನ್ನು ತಡವಾಗಿಸುವುದಷ್ಟೇ ಹೊದಿಕೆಯ ಕೆಲಸ.

ನಂಬಿಕೆ ಬರದಿದ್ದರೆ ಐಸ್ ಮಾರುವವರನ್ನು ನೋಡಿ. ಬೇಸಿಗೆಯಲ್ಲಿ ಐಸಿನ ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಹೂತು ಮೇಲೆ ಗೋಣಿಚೀಲ ಮುಚ್ಚುತ್ತಾರೆ. ಚೀಲ ಬಿಸಿ ಕೊಡುವ ವಸ್ತುವಾಗಿದ್ದರೆ ಐಸು ಅರ್ಧ ಗಂಟೆಯಲ್ಲಿ ನೀರಾಗಬೇಕಿತ್ತು. ಒಂದು ತುಂಡು ಐಸನ್ನು ಕಂಬಳಿಯಲ್ಲಿ ಸುತ್ತಿಟ್ಟು, ಇನ್ನೊಂದನ್ನು ತಟ್ಟೆಯಲ್ಲಿ ಬಿಟ್ಟು ಮನೆಯಲ್ಲೇ ನೋಡಬಹುದು. ಮೊದಲು ಕರಗುವುದು ತಟ್ಟೆಯದ್ದು.

ಹಾಗಾದರೆ ಪದರ ಹೆಚ್ಚಿದಂತೆ ಬೆಚ್ಚಗಾಗುವುದು ಏಕೆ?

ಗಾಳಿಯಿಂದ. ಅಲುಗಾಡದೆ ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ನೀರಿನ ಮೂಲಕ ಅದಕ್ಕಿಂತ ಸುಮಾರು 24 ಪಟ್ಟು ಸಲೀಸಾಗಿ ಹೋಗುತ್ತದೆ. ಅರಳೆ, ಉಣ್ಣೆ, ಬಾತುಕೋಳಿಯ ಪುಕ್ಕ, ಪಾಲಿಯೆಸ್ಟರ್ ನಾರು ಯಾವುದೇ ಇರಲಿ, ಎಳೆಗಳ ನಡುವೆ ಗಾಳಿಯನ್ನು ಹಿಡಿದು ಕೂರಿಸುವುದೇ ಅದರ ಕಸುಬು. ಒಂದರ ಮೇಲೊಂದು ಹೊದ್ದಾಗ ಹೊದಿಕೆಗಳ ಒಳಗಿನ ಗಾಳಿಯ ಜೊತೆಗೆ ಎರಡರ ನಡುವೆ ಇನ್ನೊಂದು ತೆಳು ಗಾಳಿಪದರವೂ ಸಿಗುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಆದ್ದರಿಂದ ಹೊದಿಕೆ ಕೊಳ್ಳುವಾಗ ತಕ್ಕಡಿಯ ತೂಕಕ್ಕಿಂತ ಅದರ ಉಬ್ಬನ್ನು ನೋಡಬೇಕು. ಮಡಚಿಟ್ಟು, ಅಂಗೈಯಿಂದ ಒತ್ತಿ, ಕೈ ತೆಗೆಯಿರಿ. ಹಿಂದಕ್ಕೆ ಎದ್ದು ಬಂದರೆ ಒಳಗೆ ಗಾಳಿ ಇದೆ ಎಂದರ್ಥ.

ಒಂದು ದಪ್ಪ ರಗ್ಗು ಒಳ್ಳೆಯದೋ, ಎರಡು ತೆಳು ಹೊದಿಕೆಯೋ?

ನಮ್ಮ ಊರುಗಳ ಹವೆಗೆ ಎರಡು ತೆಳು ಹೊದಿಕೆಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ರಾತ್ರಿ ಹತ್ತಕ್ಕೆ ಇರುವ ಸೆಖೆ ಬೇರೆ, ನಸುಕಿನ ನಾಲ್ಕಕ್ಕೆ ಇರುವ ಚಳಿ ಬೇರೆ. ಎರಡಿದ್ದರೆ ಒಂದನ್ನು ಕಾಲ ಬಳಿ ಮಡಚಿಟ್ಟು, ಬೇಕಾದಾಗ ಎಳೆದುಕೊಳ್ಳಬಹುದು. ಒಂದೇ ದಪ್ಪ ರಗ್ಗಿದ್ದರೆ ಒಂದೋ ಬೆವರು, ಇಲ್ಲವೇ ಬತ್ತಲೆ. ಒಗೆಯುವವರ ಕೈಗೂ ಕರುಣೆ ತೋರಿಸಿದ ಹಾಗಾಗುತ್ತದೆ.

ಮಡಿಕೇರಿಯ ಕಡೆ ತೋಟದ ಮನೆಯಲ್ಲಿ ಇರುವವರಿಗೆ, ಡಿಸೆಂಬರಿನಲ್ಲಿ ಬೀದರಿನಲ್ಲಿ ಹೆಂಚಿನ ಕೆಳಗೆ ಮಲಗುವವರಿಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ. ಅವರಿಗೆ ಒಂದು ದಪ್ಪ ಮತ್ತು ಒಂದು ತೆಳು ಎರಡೂ ಬೇಕು.

ಎರಡು ಹೊದ್ದಾಗ ಹಿತವಾಯಿತು, ಮೂರನೆಯದು ಹೊದ್ದರೆ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಯಾಕೆ?

ಇದು ಲೆಕ್ಕದ ಆಟ. ಒಂದು ಹೊದಿಕೆಯಿಂದ 60 ಪಾಲು ಶಾಖ ಸೋರುತ್ತಿದೆ ಎಂದಿಟ್ಟುಕೊಳ್ಳಿ. ಅಂಥದ್ದೇ ಎರಡನೆಯದು ಸೇರಿದರೆ ಸೋರಿಕೆ 30ಕ್ಕೆ ಇಳಿಯುತ್ತದೆ. ಮೂರನೆಯದು ಬಂದರೆ 20, ನಾಲ್ಕನೆಯದು ಬಂದರೆ 15. ಎರಡನೆಯದು ಉಳಿಸಿಕೊಟ್ಟದ್ದು 30 ಪಾಲು, ನಾಲ್ಕನೆಯದು ಉಳಿಸಿಕೊಡುವುದು ಬರೀ 5. ಹೊರುವ ಭಾರ ಮಾತ್ರ ಪ್ರತಿ ಸಲವೂ ಅಷ್ಟೇ ಏರುತ್ತದೆ.

ಅದರ ಮೇಲೆ ಸಂದಿಗಳ ಕಾಟ. ಹೆಗಲ ಹತ್ತಿರ, ಕುತ್ತಿಗೆಯ ಹತ್ತಿರ, ಮಗ್ಗುಲಲ್ಲಿ ಹೊದಿಕೆ ಎದ್ದು ನಿಂತಿದ್ದರೆ ನೀವು ಹೊರಳಿದಾಗಲೆಲ್ಲ ಒಳಗಿನ ಬಿಸಿ ಗಾಳಿ ತಿದಿ ಒತ್ತಿದ ಹಾಗೆ ಹೊರಗೆ ಹೋಗಿ ತಣ್ಣನೆಯದು ಒಳಗೆ ನುಗ್ಗುತ್ತದೆ. ನಾಲ್ಕನೇ ರಗ್ಗಿಗಿಂತ ಹಳೇ ಶಾಲೊಂದನ್ನು ಕುತ್ತಿಗೆ, ಹೆಗಲಿನ ಸುತ್ತ ಸುತ್ತಿಕೊಂಡರೆ ಕೆಲಸ ಬೇಗ ಆಗುತ್ತದೆ. ಇಬ್ಬರು ಒಂದೇ ರಗ್ಗಿನಲ್ಲಿ ಮಲಗಿದಾಗ ನಡುವೆ ಡೇರೆಯ ಹಾಗೆ ಎತ್ತಿಕೊಳ್ಳುವ ಜಾಗ ಇದೆಯಲ್ಲ, ಅದೂ ಇಂಥದ್ದೇ ಸಂದಿ. ರಗ್ಗಿನ ಅಗಲ ಮಂಚದ ಅಗಲಕ್ಕಿಂತ ಎರಡೂ ಕಡೆ ಮೊಳದಷ್ಟು ಇಳಿಬಿದ್ದಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಖರ್ಚಿನ ಬಗ್ಗೆ. ಹೊದಿಕೆ ಕೊಳ್ಳುವಾಗ ಮಾತ್ರ ಕಾಲು ಚಾಚಿ ಅಳತೆ ನೋಡಿಯೇ ತೆಗೆದುಕೊಳ್ಳಿ.

ಮೇಲೆ ಎರಡು ರಜಾಯಿ ಇದ್ದರೂ ಬೆನ್ನು ಕೊರೆಯುತ್ತದೆ. ಏನು ಮಾಡಲಿ?

ಒಂದನ್ನು ತೆಗೆದು ಕೆಳಗೆ ಹಾಸಿ.

ಇದನ್ನು ನಾನು ಕಲಿತದ್ದು ಬೀದರಿನಲ್ಲಿ, ಸಂಬಂಧಿಕರ ಮದುವೆಯಲ್ಲಿ. ಜನವರಿ ತಿಂಗಳು. ಗಂಡಿನ ಕಡೆಯವರಿಗೆಂದು ಬಿಟ್ಟುಕೊಟ್ಟ ಹಾಲ್‌ಗೆ ಶಹಾಬಾದಿ ಕಲ್ಲಿನ ನೆಲ, ಅದರ ಮೇಲೆ ಒಂದು ಜಮಖಾನ. ಹೊದೆಯಲು ತಲೆಗೆ ಎರಡೆರಡು ರಜಾಯಿ ಕೊಟ್ಟಿದ್ದರು, ಅದರಲ್ಲೇನೂ ಕಡಿಮೆ ಮಾಡಿರಲಿಲ್ಲ. ಗಾದಿ ಮಾರುವವನೇ ಆಗಿದ್ದರೂ ಎರಡನ್ನೂ ಮೇಲೆಳೆದುಕೊಂಡು ಮಲಗಿದೆ. ಒಂದು ಗಂಟೆಯ ಹೊತ್ತಿಗೆ ಎದೆಯ ಮೇಲೆ ಬೆವರು, ಬೆನ್ನಿನಡಿ ಮಂಜುಗಡ್ಡೆ. ಹೊರಳಿ ಬೋರಲಾದರೆ ಹೊಟ್ಟೆ ಕೊರೆಯುತ್ತದೆ, ಮಗ್ಗುಲಾದರೆ ಸೊಂಟ. ಪಕ್ಕದಲ್ಲಿ ಮಲಗಿದ್ದ ನಮ್ಮ ಸೋದರಮಾವ ಅರೆನಿದ್ದೆಯಲ್ಲೇ ಗೊಣಗಿದರು: "ಅಳಿಯಾ, ಥಂಡಿ ಮ್ಯಾಲಿಂದಲ್ಲೋ, ತೆಳಗಿಂದ ಬರಾಕತ್ತೈತಿ. ಒಂದು ಹಾಸ್ಕೊ, ಒಂದು ಹೊತ್ಕೊ." ಹಾಗೆ ಮಾಡಿದ ಹತ್ತು ನಿಮಿಷಕ್ಕೆ ನಿದ್ದೆ ಹತ್ತಿತು.

ಮೈಯ ಭಾರಕ್ಕೆ ಕೆಳಗಿನದು ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಉಳಿದ ತೆಳು ಬಟ್ಟೆಯ ಮೂಲಕ ಕಲ್ಲು ಮೈಶಾಖವನ್ನು ಹೀರುತ್ತಲೇ ಇರುತ್ತದೆ. ಗಾಳಿಗಿಂತ ಕಲ್ಲು ಎಷ್ಟೋ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಅದಕ್ಕೆ ತಣಿವೂ ಇಲ್ಲ. ಹಿಮಾಲಯಕ್ಕೆ ಚಾರಣ ಹೋಗುವವರು ಸ್ಲೀಪಿಂಗ್ ಬ್ಯಾಗ್ ಎಷ್ಟೇ ದುಬಾರಿಯದಿದ್ದರೂ ಕೆಳಗೊಂದು ಮ್ಯಾಟ್ ಹೊತ್ತುಕೊಂಡೇ ಹೋಗುವುದು ಇದೇ ಕಾರಣಕ್ಕೆ.

ಕೆಳಗೆ ಹಾಸುವುದಕ್ಕೆ ಸುಲಭವಾಗಿ ಅಮುಕಿಹೋಗದ ವಸ್ತು ಬೇಕು. ತೆಂಗಿನ ನಾರಿನ ಹಾಸಿಗೆ, ಫೋಮು, ಒರಟು ಉಣ್ಣೆಯ ಕಂಬಳಿ, ಕೌದಿ ಎಲ್ಲ ನಡೆಯುತ್ತದೆ. ಏನೂ ಇಲ್ಲದ ಪಕ್ಷದಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚಿ ಚಾಪೆಯ ಕೆಳಗೆ ಹಾಸಿ. ರಟ್ಟಿನ ಅಂಕುಡೊಂಕು ಪದರದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಮೈಭಾರಕ್ಕೆ ಅದು ಅಷ್ಟು ಬೇಗ ಕುಸಿಯುವುದೂ ಇಲ್ಲ.

ಮಂಚದ ಮೇಲೆ ಮಲಗಿದರೆ ಈ ತೊಂದರೆ ಇಲ್ಲವಲ್ಲ?

ಹಲಗೆಯ ಮಂಚ, ಮೇಲೆ ಒಳ್ಳೆಯ ಗಾದಿ ಇದ್ದರೆ ಇಲ್ಲ. ಹಗ್ಗದ ಹೊರಸು, ನವಾರದ ಮಂಚವಾದರೆ ಇದೆ. ಬೇಸಿಗೆಯಲ್ಲಿ ಅಂಗಳದ ಹೊರಸಿನ ಮೇಲೆ ಹಾಯೆನಿಸುವುದು ಕೆಳಗಿನಿಂದ ಗಾಳಿ ಆಡುವುದರಿಂದ. ಅದೇ ಗಾಳಿ ಚಳಿಗಾಲದಲ್ಲೂ ಆಡುತ್ತದೆ. ಹೊರಸಿನ ಮೇಲೆ ಮೊದಲು ಜಮಖಾನ, ಅದರ ಮೇಲೆ ಕೌದಿ ಹಾಸಬೇಕು.

ಯಾವುದನ್ನು ಮೈಗೆ ತಾಗುವಂತೆ, ಯಾವುದನ್ನು ಮೇಲೆ ಹೊದೆಯಬೇಕು?

ಬರೀ ಲೆಕ್ಕ ಹಾಕಿದರೆ ಕ್ರಮಕ್ಕೆ ಬೆಲೆಯೇ ಇಲ್ಲ, ಎರಡು ಹೊದಿಕೆಯ ತಡೆ ಹೇಗೆ ಕೂಡಿಸಿದರೂ ಅಷ್ಟೇ. ಆದರೆ ಹಾಸಿಗೆಯಲ್ಲಿ ಭಾರ, ಗಾಳಿ, ಬೆವರು ಮೂರೂ ಲೆಕ್ಕದೊಳಗೆ ಕೈ ಹಾಕುತ್ತವೆ.

ಭಾರದ ಮಾತು ಮೊದಲು. ಹಗುರಾಗಿ ಉಬ್ಬಿದ ರಜಾಯಿಯ ಮೇಲೆ ನಾಲ್ಕು ಕಿಲೋ ರಗ್ಗು ಹೇರಿದರೆ ಕೆಳಗಿನದರ ಉಬ್ಬು ಸಾಯುತ್ತದೆ, ಎರಡು ಹೊದಿಕೆ ಹೊದ್ದು ಒಂದೂವರೆಯ ಬೆಚ್ಚಗೆ ಮಾತ್ರ ಸಿಗುತ್ತದೆ. ಭಾರದ್ದು ಒಳಗೆ, ಉಬ್ಬಿದ್ದು ಹೊರಗೆ. ಆಮೇಲೆ ಗಾಳಿ. ಕಿಟಕಿ ತೆರೆದಿದ್ದರೆ, ಇಲ್ಲವೇ ಸೊಳ್ಳೆಗೆಂದು ಫ್ಯಾನ್ ತಿರುಗುತ್ತಿದ್ದರೆ, ಸಡಿಲ ನೇಯ್ಗೆಯ ಉಣ್ಣೆ ಶಾಲು ಎಲ್ಲಕ್ಕಿಂತ ಮೇಲಿದ್ದು ಪ್ರಯೋಜನವಿಲ್ಲ, ಗಾಳಿ ಅದರೊಳಗಿಂದ ತೂರಿ ಹೋಗುತ್ತದೆ. ಅದರ ಮೇಲೆ ಒತ್ತು ನೇಯ್ಗೆಯ ಒಂದು ಬೆಡ್‌ಶೀಟ್ ಹರಡಿದರೂ ಸಾಕು, ಚಮತ್ಕಾರದ ಹಾಗೆ ವ್ಯತ್ಯಾಸ ಗೊತ್ತಾಗುತ್ತದೆ. ಮೈಗೆ ತಾಗುವುದು ಹತ್ತಿಯದ್ದೇ ಇರಲಿ, ಬೆವರು ಹೀರುತ್ತದೆ ಮತ್ತು ವಾರಕ್ಕೊಮ್ಮೆ ಒಗೆಯಲು ಬರುತ್ತದೆ. ಸೊಲ್ಲಾಪುರ ಚಾದರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಫ್ಯಾನ್ ಹಾಕಿ ರಗ್ಗು ಹೊದೆಯುವುದು ನಮ್ಮವರ ಹಳೇ ಚಟ. ಹೊದಿಕೆಯ ಹೊರಮೈಗೂ ನಿಂತ ಗಾಳಿಯ ತೆಳು ಪದರ ಅಂಟಿಕೊಂಡಿರುತ್ತದೆ, ಫ್ಯಾನು ಅದನ್ನು ಒರೆಸಿಹಾಕುತ್ತದೆ. ಸೊಳ್ಳೆ ಪರದೆ ಕಟ್ಟಿದರೆ ಕಡಿತವೂ ತಪ್ಪೀತು, ಗಾಳಿಯ ಓಡಾಟವೂ ತುಸು ತಗ್ಗೀತು.

ಅಜ್ಜಿ ಹೊಲಿದ ಕೌದಿ ಇದೆ. ಹೊದೆಯಲೋ, ಹಾಸಲೋ?

ನನ್ನ ಮತ ಹಾಸುವುದಕ್ಕೆ. ಅಜ್ಜಿಯ ಮನಸ್ಸು ನೋಯುವ ಹಾಗಿದ್ದರೆ ಹೊದೆಯಿರಿ.

ನಮ್ಮ ಮನೆಯಲ್ಲಿರುವ ಕೌದಿಯ ಅಂಚು ಒಂದು ಕಡೆ ಬಿಚ್ಚಿಕೊಂಡಿದೆ, ಒಳಗಿನದು ಎಣಿಸಬಹುದು. ಮೇಲೊಂದು ಇಳಕಲ್ ಸೀರೆಯ ಸೆರಗು, ಒಳಗೆ ಅಜ್ಜನ ಧೋತರ ಎರಡು ಮಡಿಕೆ, ಒಂದು ಹಳೇ ಪರಕಾರ, ಮತ್ತೆರಡು ಸೀರೆ, ತಳಕ್ಕೆ ಹಿಟ್ಟಿನ ಚೀಲದ ದಪ್ಪ ಬಟ್ಟೆ. ಬೆರಳಗಲಕ್ಕೆ ಒಂದರಂತೆ ಉದ್ದಕ್ಕೂ ದಾರ ಓಡಿಸಿದ್ದಾಳೆ. ಈ ಒತ್ತು ಹೊಲಿಗೆಯೇ ಅದರ ಗಟ್ಟಿತನ, ಹೊದೆಯುವ ಲೆಕ್ಕದಲ್ಲಿ ಅದೇ ಅದರ ಐಬು. ಏಳು ಪದರ ಇದ್ದರೂ ಎಲ್ಲವೂ ಒಂದಕ್ಕೊಂದು ಅಂಟಿ ಕೂತಿರುವುದರಿಂದ ನಡುವೆ ಗಾಳಿಗೆ ಜಾಗ ಕಡಿಮೆ. ತೂಕಕ್ಕೆ ಹೋಲಿಸಿದರೆ ಅದರಿಂದ ಸಿಗುವ ಬೆಚ್ಚಗೆ ಅಷ್ಟಕ್ಕಷ್ಟೇ. ಆದರೆ ಆಗಲೇ ಒತ್ತಿಕೊಂಡಿರುವ ವಸ್ತು ಮೈಭಾರಕ್ಕೆ ಇನ್ನೆಷ್ಟು ಒತ್ತೀತು? ಕೆಳಗೆ ಹಾಸಿದರೆ ಅದು ತನ್ನ ದಪ್ಪ ಬಿಟ್ಟುಕೊಡುವುದಿಲ್ಲ. ನಾಲ್ಕು ಮಡಿಕೆ ಮಾಡಿ ಹಾಸಿದ ಕೌದಿಯ ಮುಂದೆ ಅಗ್ಗದ ಫೋಮು ನಾಚಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಜಾತಿಯದು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಹೂವಿನಂತೆ ಚಿಕ್ಕ ಮಡಿಕೆ ಕೂರಿಸುತ್ತಾರೆ. ಈಗ ಅವು ಗೋಡೆಗೆ ನೇತುಹಾಕುವ ಕಲಾಕೃತಿಗಳಾಗಿ ದೂರದ ದೇಶಗಳಿಗೂ ಹೋಗುತ್ತಿವೆ.

ಕಂಬಳಿ ಚುಚ್ಚುತ್ತದೆ. ಅದನ್ನು ಬಳಸಲೇಬೇಕೇ?

ಬೇಕು ಎಂದೇ ಹೇಳುತ್ತೇನೆ, ಆದರೆ ಮೈಗೆ ತಾಗಿಸದೆ. ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಬಂತು ಎಂದು ದೂರಿದರೆ ಹೇಗೆ? ದಖ್ಖನಿ ಕುರಿಯ ಉಣ್ಣೆ ಒರಟು, ಮೆರಿನೋ ಕುರಿಯ ಉಣ್ಣೆಯ ನಯ ಅದರಿಂದ ನಿರೀಕ್ಷಿಸಬಾರದು. ಆ ಒರಟು ಎಳೆಯೇ ಸ್ಪ್ರಿಂಗಿನ ಹಾಗೆ ನಿಂತು ಗಾಳಿಯನ್ನು ಕಾಯುತ್ತದೆ, ಮೇಲೆ ಮಲಗಿದರೂ ಪೂರ್ತಿ ಅಮುಕುವುದಿಲ್ಲ.

ಉಣ್ಣೆಯ ಇನ್ನೊಂದು ಗುಣ ಹತ್ತಿಗಿಲ್ಲ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ, ಹೀರುವಾಗ ಸ್ವಲ್ಪ ಶಾಖವೂ ಹೊಮ್ಮುತ್ತದೆ. ಚಿತ್ರದುರ್ಗ, ಚಳ್ಳಕೆರೆಯ ಕಡೆ ನೇಕಾರರು ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿರುಸು ಮಾಡುತ್ತಾರೆ. ಹಾಗೆ ಮಾಡಿದ್ದು ನೀರನ್ನು ಬೇಗ ಒಳಕ್ಕೆ ಬಿಡುವುದಿಲ್ಲ. ಕುರಿಗಾಹಿಗಳು ಮಳೆಯಲ್ಲಿ ಹೊದ್ದು ನಿಲ್ಲುವುದು, ಮಲೆನಾಡಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ಹೊಸ ಕಂಬಳಿಯ ಬಿರುಸು, ವಾಸನೆ ಕೆಲವು ತಿಂಗಳಲ್ಲಿ ತಗ್ಗುತ್ತದೆ. ಒಳಗೆ ಚಾದರ, ಮೇಲೆ ಕಂಬಳಿ. ಅಥವಾ ಗಾದಿಯ ಮೇಲೆ ಕಂಬಳಿ, ಅದರ ಮೇಲೆ ಬೆಡ್‌ಶೀಟ್. ಎರಡನೆಯದನ್ನು ಒಂದು ರಾತ್ರಿ ಮಾಡಿ ನೋಡಿ, ಆಮೇಲೆ ನನಗೆ ಹೇಳಿ.

ಮಿಂಕ್ ರಗ್ಗಿನಲ್ಲಿ ಪ್ರಾಣಿಯ ತುಪ್ಪಳ ಇರುತ್ತದೆಯೇ?

ಇರುವುದಿಲ್ಲ. ನಮ್ಮ ಪೇಟೆಯ ಮಿಂಕ್ ರಗ್ಗು ಪಾಲಿಯೆಸ್ಟರ್ ಇಲ್ಲವೇ ಅಕ್ರಿಲಿಕ್ ನೂಲಿನದು. ಹರಿಯಾಣದ ಪಾಣಿಪತ್ ಇಂಥ ರಗ್ಗುಗಳ ದೊಡ್ಡ ಕೇಂದ್ರ. ಮೈಗೆ ತಾಗಿದ ಕೂಡಲೇ ಬೆಚ್ಚಗೆನಿಸುತ್ತದೆ, ಬೆವರು ಮಾತ್ರ ಹೀರುವುದಿಲ್ಲ. ಒಣ ಹವೆಯಲ್ಲಿ ಕತ್ತಲಲ್ಲಿ ಎಳೆದರೆ ಚಟಚಟ ಕಿಡಿ ಕಾಣುವುದು ಸ್ಥಿರವಿದ್ಯುತ್ತಿನಿಂದ, ಹೆದರಬೇಕಾಗಿಲ್ಲ.

ಹಳೇ ರಜಾಯಿ ಮೊದಲಿನ ಹಾಗೆ ಬೆಚ್ಚಗಿಲ್ಲ. ಹೊಸದು ಕೊಳ್ಳಬೇಕೇ?

ಅಂಗಡಿಯವನಾಗಿ ಹೌದು ಎನ್ನಬೇಕು. ಆದರೆ ಅರಳೆಯ ರಜಾಯಿಯಾಗಿದ್ದರೆ ಬೇಡ. ವರ್ಷಗಟ್ಟಲೆ ಮೈಭಾರ, ಬೆವರು ತಿಂದು ಅರಳೆ ಗಂಟುಗಂಟಾಗಿ ಕೂತಿರುತ್ತದೆ. ದಾರ ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸಿದರೆ ಅದೇ ಅರಳೆ ಎರಡರಷ್ಟು ಎದ್ದು ನಿಲ್ಲುತ್ತದೆ.

ನಾನು ಚಿಕ್ಕವನಿದ್ದಾಗ ಪಿಂಜಾರರು ಉದ್ದನೆಯ ಬಿಲ್ಲು ಹೆಗಲಿಗೇರಿಸಿ ಓಣಿಗೆ ಬರುತ್ತಿದ್ದರು. ಕಟ್ಟಿಗೆಯ ಕೊಡತಿಯಿಂದ ಬಿಲ್ಲಿನ ಹೆದೆಗೆ ಬಡಿದರೆ ಟಂಯ್ ಎಂದು ಓಣಿಯ ಆ ತುದಿಗೂ ಕೇಳುತ್ತಿತ್ತು. ಹೆದೆ ನಡುಗಿದಾಗ ಗಂಟುಕಟ್ಟಿದ ಅರಳೆ ಎಳೆಎಳೆಯಾಗಿ ಹಾರಿ ಬೀಳುತ್ತಿತ್ತು. ಮಧ್ಯಾಹ್ನದೊಳಗೆ ಪಡಸಾಲೆಯ ಮೂಲೆಯಲ್ಲಿ ಸೊಂಟದೆತ್ತರದ ಬಿಳಿ ಗುಡ್ಡ. ಬೆಳಿಗ್ಗೆ ಅದೇ ಅರಳೆ ಒಂದು ಬುಟ್ಟಿಯಲ್ಲಿ ಹಿಡಿದಿತ್ತು. ತೂಕ ಒಂದು ತೊಲೆಯೂ ಏರಿಲ್ಲ, ನಡುವೆ ಸೇರಿದ್ದು ಗಾಳಿಯೊಂದೇ. ಈಗ ಆ ಕೆಲಸ ಯಂತ್ರ ಮಾಡುತ್ತದೆ, ಶಬ್ದ ಅಷ್ಟು ಇಂಪಾಗಿಲ್ಲ.

ಪಾಲಿಯೆಸ್ಟರ್ ತುಂಬಿದ್ದು ಒಮ್ಮೆ ಚಪ್ಪಟೆಯಾದರೆ ಹೀಗೆ ಏಳುವುದಿಲ್ಲ. ಅದನ್ನು ಕೆಳಗೆ ಹಾಸಲು ಇಟ್ಟುಕೊಳ್ಳಿ.

ಮುಸುಕು ಹಾಕಿಕೊಂಡು ಮಲಗಿದರೆ ಬೇಗ ಬೆಚ್ಚಗಾಗುತ್ತದೆ. ತಪ್ಪೇನು?

ಐದು ನಿಮಿಷಕ್ಕೆ ತಪ್ಪಿಲ್ಲ. ಇಡೀ ರಾತ್ರಿಯಾದರೆ ಉಸಿರಿನ ತೇವವೆಲ್ಲ ಹೊದಿಕೆಗೇ ಇಳಿಯುತ್ತದೆ, ಒಳಗಿನ ಗಾಳಿಯೂ ಕೆಡುತ್ತದೆ. ತಲೆಗೆ ಮಫ್ಲರ್ ಸುತ್ತಿ ಮೂಗು ಹೊರಗಿಡಿ. ಮೈಶಾಖದ ಅರ್ಧ ತಲೆಯಿಂದಲೇ ಹೋಗುತ್ತದೆ ಎನ್ನುವುದು ಮಾತ್ರ ಸುಳ್ಳು, ತಲೆಯ ಪಾಲು ಸುಮಾರು ಹತ್ತನೇ ಒಂದು. ಉಳಿದ ಮೈಯೆಲ್ಲ ಮುಚ್ಚಿದ್ದಾಗ ತೆರೆದಿರುವುದು ತಲೆಯೊಂದೇ ಆದ್ದರಿಂದ ಅಲ್ಲಿ ಚಳಿ ಎದ್ದು ಕಾಣುತ್ತದೆ.

ಕಾಲಿಗೆ ಸಾಕ್ಸ್ ಹಾಕುವುದು ಅದಕ್ಕಿಂತ ಒಳ್ಳೆಯ ಉಪಾಯ. ಪಾದ ಬೆಚ್ಚಗಿದ್ದರೆ ನಿದ್ದೆ ಬೇಗ ಹತ್ತುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು.

ನಡುರಾತ್ರಿ ಬೆವರುತ್ತೇನೆ, ಬೆಳಗಿನ ಜಾವ ನಡುಗುತ್ತೇನೆ. ಇದೇನು ಕಾಯಿಲೆಯೇ?

ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ಡಾಕ್ಟರನ್ನು ಕಾಣಿ. ಇಲ್ಲದಿದ್ದರೆ ಹೊದಿಕೆಯದೇ ಕರಾಮತ್ತು. ಮಲಗುವಾಗಿನ ಚಳಿಗೆ ಹೆದರಿ ಎಲ್ಲವನ್ನೂ ಒಟ್ಟಿಗೆ ಹೊದೆಯುತ್ತೀರಿ. ಹಾಸಿಗೆ ಕಾದ ಮೇಲೆ ಅಷ್ಟು ಬೇಕಿರುವುದಿಲ್ಲ, ಬೆವರುತ್ತೀರಿ, ಒಳಗಿನ ಬಟ್ಟೆ ತೇವವಾಗುತ್ತದೆ. ನಸುಕಿನಲ್ಲಿ ಮೈಯ ಉಷ್ಣತೆ ದಿನದಲ್ಲೇ ಅತಿ ಕೆಳಗೆ ಇಳಿದಿರುತ್ತದೆ, ಹೊರಗಿನ ಚಳಿಯೂ ಸೂರ್ಯ ಹುಟ್ಟುವ ಮುಂಚೆಯೇ ಹೆಚ್ಚು. ಆ ಹೊತ್ತಿಗೆ ಸರಿಯಾಗಿ ಒದ್ದೆ ಬಟ್ಟೆ ಮೈಗಂಟಿದ್ದರೆ ನಡುಗದೆ ಇನ್ನೇನು? ಮಲಗುವಾಗ ತುಸು ಚಳಿ ಎನಿಸುವಷ್ಟೇ ಹೊದೆಯಿರಿ, ಎರಡನೆಯದನ್ನು ಕೈಗೆಟುಕುವ ಹಾಗಿಡಿ. ಪ್ಲಾಸ್ಟಿಕ್ ಹಾಳೆಯನ್ನಾಗಲಿ, ತುರ್ತಿಗೆಂದು ಮಾರುವ ಬೆಳ್ಳಿಬಣ್ಣದ ಹಾಳೆಯನ್ನಾಗಲಿ ದಿನಾ ಹೊದೆಯಬೇಡಿ. ನಾಸಾ 1964ರಲ್ಲಿ ರೂಪಿಸಿದ ಆ ಹಾಳೆ ಅಪಘಾತದ ಹೊತ್ತಿಗೆ ಜೀವ ಉಳಿಸೀತು, ಆದರೆ ಅದರೊಳಗಿಂದ ಬೆವರು ಹೊರಗೆ ಹೋಗುವುದಿಲ್ಲ.

ಎಳೆ ಮಗುವಿಗೆ ಎಷ್ಟು ಹೊದಿಸಬೇಕು?

ಇಲ್ಲಿ ನಮ್ಮ ಹಿರಿಯರ ರೂಢಿಗೂ ಮಕ್ಕಳ ವೈದ್ಯರ ಮಾತಿಗೂ ಜಗಳವಿದೆ, ನಾನು ವೈದ್ಯರ ಕಡೆ. ವರ್ಷ ತುಂಬದ ಮಗು ಮಲಗಿದ ಜಾಗದಲ್ಲಿ ಸಡಿಲವಾದ ರಗ್ಗು, ದಿಂಬು, ಮೆತ್ತನೆ ಕೌದಿ ಇರಬಾರದು, ಅವು ಮುಖದ ಮೇಲೆ ಬಂದರೆ ಮಗು ತಾನಾಗಿ ಸರಿಸಲಾರದು. ಅತಿ ಬಿಸಿಯೂ ಅಪಾಯ. ಹೊದಿಕೆಯ ಬದಲು ಬಟ್ಟೆಯನ್ನೇ ಪದರಪದರವಾಗಿ ತೊಡಿಸಿ, ನಿಮಗೆ ಬೇಕೆನಿಸುವುದಕ್ಕಿಂತ ಒಂದು ಪದರ ಹೆಚ್ಚು ಸಾಕು. ಅಂಗೈ ಅಂಗಾಲು ಮುಟ್ಟಿ ಚಳಿ ಅಳೆಯಬೇಡಿ, ಅವು ತಣ್ಣಗೇ ಇರುತ್ತವೆ. ಎದೆ ಅಥವಾ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ.

ಇನ್ನೊಂದು ಮಾತು. ಡಾಂಬರ್ ಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟ ಹೊದಿಕೆಯನ್ನು ಹಾಗೇ ತೆಗೆದು ಮಗುವಿಗೆ ಬಳಸಬಾರದು. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ವಯಸ್ಸಾದವರಿಗೆ ಭಾರದ ರಗ್ಗು ಹೊದಿಸಿದರೆ ಬೆಚ್ಚಗಿರುತ್ತದಲ್ಲವೇ?

ಭಾರಕ್ಕೂ ಬೆಚ್ಚಗೆಗೂ ನೇರ ಸಂಬಂಧವಿಲ್ಲ ಎಂದು ಆಗಲೇ ಹೇಳಿದೆ. ಅವರಿಗೆ ರಾತ್ರಿ ಎರಡು ಸಲವಾದರೂ ಬಚ್ಚಲಿಗೆ ಏಳಬೇಕಾಗುತ್ತದೆ, ನಡುಗುವ ಕೈಯಲ್ಲಿ ನಾಲ್ಕು ಕಿಲೋ ಎತ್ತಿ ಸರಿಸುವುದು ಹುಡುಗಾಟವಲ್ಲ. ಹಗುರ ರಜಾಯಿ, ಕೆಳಗೆ ಕಂಬಳಿ, ತಲೆಗೆ ಟೋಪಿ, ಕಾಲಿಗೆ ಸಾಕ್ಸ್. ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ನಡೆದರೆ ಜಾರುತ್ತದೆ, ಮಂಚದ ಪಕ್ಕ ಚಪ್ಪಲಿ ಇಟ್ಟಿರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರಿಗೆ ಬಿಸಿನೀರಿನ ಚೀಲ ಬೇಡವೇ ಬೇಡ, ಸುಟ್ಟದ್ದು ಗೊತ್ತಾಗುವುದೇ ಬೆಳಿಗ್ಗೆ.

ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬಹುದೇ?

ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಎಚ್ಚರವಾಗದೆಯೇ ಹೋಗಿಬಿಡುತ್ತಾರೆ. ಮಲಗುವ ಮುಂಚೆ ಹೊರಗೆ ಕೂತು ಮೈ ಕಾಸಿಕೊಂಡು ಬನ್ನಿ.

ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಹೊದಿಕೆಯ ಮೇಲೆ 10.5 ಟಾಗ್ ಎಂದು ಬರೆದಿರುತ್ತಾರಂತೆ. ಏನದು?

ಹೊದಿಕೆ ಶಾಖವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ. 1946ರಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನಲ್ಲಿ ಹುಟ್ಟಿದ್ದು. ಅಲ್ಲಿಯ ಆಡುಮಾತಿನಲ್ಲಿ ಟಾಗ್ಸ್ ಎಂದರೆ ಬಟ್ಟೆಬರೆ. ಬೇಸಿಗೆಗೆ 4.5ರ ಆಸುಪಾಸು, ಚಳಿಗಾಲಕ್ಕೆ 13.5ರವರೆಗೆ ಹೋಗುತ್ತದೆ. ಪದರದ ಲೆಕ್ಕ ಕಣ್ಣಿಗೆ ಕಾಣಬೇಕೆಂದರೆ ಅಲ್ಲಿಯ ಎಲ್ಲ ಋತುವಿನ ಹೊದಿಕೆ ನೋಡಬೇಕು. ಒಂದು 4.5ರದು, ಇನ್ನೊಂದು 9ರದು, ಗುಂಡಿ ಹಾಕಿ ಜೋಡಿಸಿದರೆ 13.5. ಸಾದಾ ಕೂಡಿಸುವ ಲೆಕ್ಕ.

ನಮ್ಮಲ್ಲಿ ಯಾರೂ ಟಾಗ್ ಅಚ್ಚು ಹಾಕುವುದಿಲ್ಲ. ನನ್ನ ಒರಟು ಲೆಕ್ಕ ಹೀಗಿದೆ: ಕೋಣೆ 20 ಡಿಗ್ರಿ ಇದ್ದರೆ ಮೈಮೇಲಿನ ಬಟ್ಟೆ, ಹೊದಿಕೆ, ಹೊರಗಿನ ಗಾಳಿಪದರ ಎಲ್ಲ ಸೇರಿ ನಾಲ್ಕು ಟಾಗ್ ಸಾಕು, 15 ಡಿಗ್ರಿಗೆ ಆರು, 10 ಡಿಗ್ರಿಗೆ ಎಂಟು. ಒಂದು ಸೆಂಟಿಮೀಟರ್ ಒಳ್ಳೆಯ ಉಬ್ಬು ಎರಡರಿಂದ ಎರಡೂವರೆ ಟಾಗ್ ಕೊಡುತ್ತದೆ. ಅಂದರೆ ಕೋಣೆ ಐದು ಡಿಗ್ರಿ ತಣ್ಣಗಾದರೆ ಸುಮಾರು ಒಂದು ಸೆಂಟಿಮೀಟರ್ ಉಬ್ಬು ಹೆಚ್ಚಿಸಿಕೊಳ್ಳಿ. ಬೆಂಗಳೂರಿನ ದಾಖಲೆಯ ಚಳಿ ಎಂದರೆ 1884ರ ಜನವರಿ 13ರ 7.8 ಡಿಗ್ರಿ, ಅದೂ ಹೊರಗೆ. ಅಲ್ಲಿಯ ಅಪಾರ್ಟ್‌ಮೆಂಟಿನ ಒಳಗೆ ಮಲಗುವವರು 13.5 ಟಾಗಿನ ವಿದೇಶಿ ಹೊದಿಕೆ ತರಿಸಿಕೊಂಡು ಎಸಿ ಹಾಕಿ ಹೊದೆಯುತ್ತಾರೆ. ಅವರವರ ದುಡ್ಡು, ಅವರವರ ಕರೆಂಟು.

ಎಷ್ಟು ದಿನಕ್ಕೊಮ್ಮೆ ಬಿಸಿಲಿಗೆ ಹಾಕಬೇಕು?

ಚಳಿಗಾಲದಲ್ಲಿ ವಾರಕ್ಕೊಮ್ಮೆ ಹಾಕಿದರೆ ಒಳ್ಳೆಯದು. ರಾತ್ರಿಯ ಬೆವರು, ಉಸಿರಿನ ತೇವ ಅರಳೆಯಲ್ಲಿ ಉಳಿದರೆ ಉಬ್ಬು ಏಳುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಮಾಳಿಗೆಯ ಮೇಲೆ ಹರಡಿ, ಮಧ್ಯಾಹ್ನ ಒಮ್ಮೆ ತಿರುವಿ, ಬೆತ್ತದಿಂದ ನಾಲ್ಕು ಬಡಿಯಿರಿ. ಬಿಸಿಲು ಇಳಿಯುವ ಮುಂಚೆ, ನಾಲ್ಕರೊಳಗೆ ಒಳಗೆ ತನ್ನಿ, ಸಂಜೆಯ ಇಬ್ಬನಿ ಬಿದ್ದರೆ ಬೆಳಿಗ್ಗೆಯಿಂದ ಒಣಗಿಸಿದ್ದೆಲ್ಲ ನೀರಪಾಲು. ಒಳಗೆ ತಂದ ಕೂಡಲೇ ಮಡಚಿ ಪೆಟ್ಟಿಗೆಗೆ ತುಂಬಬೇಡಿ, ಆರಲು ಬಿಡಿ.

ಕಂಬಳಿಯನ್ನು ಬಿಸಿನೀರಿನಲ್ಲಿ ನೆನೆಸಬೇಡಿ, ಕಲ್ಲಿಗೆ ಬಡಿಯಬೇಡಿ. ಉಣ್ಣೆಯ ಎಳೆಗೆ ಮೀನಿನ ಹುರುಪೆಯಂಥ ಪುಟ್ಟ ಪೊರೆಗಳಿವೆ, ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕಂಬಳಿ ಕುಗ್ಗಿ ರಟ್ಟಾಗುತ್ತದೆ. ಕಳೆದ ವರ್ಷ ಒಬ್ಬರು ವಾಷಿಂಗ್ ಮಷೀನಿನ ಬಿಸಿನೀರಿಗೆ ಹಾಕಿ, ಆರಡಿಯ ಕಂಬಳಿಯನ್ನು ಬಾಗಿಲ ಮುಂದಿನ ಕಾಲೊರೆಸಿನಷ್ಟು ಮಾಡಿಕೊಂಡು ಅಂಗಡಿಗೆ ತಂದಿದ್ದರು, "ಇದನ್ನ ಮತ್ತ ಎಳದು ಉದ್ದ ಮಾಡಾಕ ಬರತೈತೇನ್ರಿ" ಅಂತ. ಬರುವುದಿಲ್ಲ. ಗಲ್ಲೆಯ ಹಿಂದೆ ನನ್ನ ಕುರ್ಚಿಯ ಮೇಲೆ ಹಾಸಿರುವುದು ಅದೇ ಕಂಬಳಿ.